ಸರ್ವರ್ ಡಿಸ್ಕ್‌ಗೆ ಕೈ ಹಾಕುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಲಿನಕ್ಸ್ ಸರ್ವರ್‌ನ ಡಿಸ್ಕ್ ಜಾಗವನ್ನು ಮರುಹಂಚುವುದರ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕಮಾಂಡ್‌ಗಳನ್ನು ಓದುವ ಹಾಗೆಯೇ ಕನ್ನಡದಲ್ಲಿ ಅಚ್ಚು ಮಾಡಿದ್ದೇವೆ. ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರ. ದೊಡ್ಡಕ್ಷರ ಬೇಕಾದ ಕಡೆ ಹಾಗೆಂದೇ ಹೇಳಿದ್ದೇವೆ.

ಪ್ರಶ್ನೆ: ನಮ್ಮ ಗ್ರಂಥಾಲಯದ ಸರ್ವರ್‌ನಲ್ಲಿ ಅಲ್ಮಾಲಿನಕ್ಸ್ 9 ಇದೆ. 1 ಟಿಬಿ ಡಿಸ್ಕ್. ಇನ್‌ಸ್ಟಾಲ್ ಮಾಡುವಾಗ ಎಲ್ಲವನ್ನೂ ತಾನಾಗಿಯೇ ಹಂಚಿಕೊಳ್ಳಲು ಬಿಟ್ಟಿದ್ದೆವು. ರೂಟ್‌ಗೆ (ಸಿಸ್ಟಮ್ ಕೂತಿರುವ ಮುಖ್ಯ ಭಾಗ, /) 70 ಜಿಬಿ, /ಹೋಮ್‌ಗೆ (ಬಳಕೆದಾರರ ಕಡತಗಳ ಭಾಗ) 851 ಜಿಬಿ ಹೋಗಿದೆ. ಈಗ ರೂಟ್ ಶೇಕಡಾ 96 ತುಂಬಿದೆ, /ಹೋಮ್‌ನಲ್ಲಿ ಬಳಕೆಯಾಗಿರುವುದು 120 ಜಿಬಿ ಮಾತ್ರ. ಅಲ್ಲಿಂದ ಕತ್ತರಿಸಿ ಇಲ್ಲಿಗೆ ಸೇರಿಸಬಹುದೇ?
— ಕಾಲೇಜು ಗ್ರಂಥಾಲಯದ ಸಿಬ್ಬಂದಿ, ಹಾಸನ

ಉತ್ತರ: ಸೇರಿಸಬಹುದು, ಆದರೆ ‘ಕತ್ತರಿಸಿ’ ಅಲ್ಲ. ಅಲ್ಮಾಲಿನಕ್ಸ್ ತಾನಾಗಿ ಹಂಚುವಾಗ ಬಳಸುವ ಫೈಲ್ ಸಿಸ್ಟಮ್ ಎಕ್ಸ್‌ಎಫ್‌ಎಸ್. ಅದನ್ನು ಓಡುತ್ತಿರುವಾಗಲೇ ಹಿಗ್ಗಿಸಬಹುದು, ಆದರೆ 851 ಜಿಬಿಯದನ್ನು 300ಕ್ಕೆ ಕುಗ್ಗಿಸುವ ದಾರಿ ಅದರಲ್ಲಿ ಇಲ್ಲ. ಇದನ್ನು ತಿಳಿಯದೆ ‘ಎಲ್‌ವಿರೆಡ್ಯೂಸ್’ ಕೊಟ್ಟು, ಅದರ ಎಚ್ಚರಿಕೆಯನ್ನು ಮೀರಿ ಕುಗ್ಗಿಸಿದರೆ ಫೈಲ್ ಸಿಸ್ಟಮ್‌ನ ಬಾಲ ತುಂಡಾಗಿ /ಹೋಮ್ ಮತ್ತೆ ಮೌಂಟ್ (ಬಳಕೆಗೆ ಜೋಡಣೆ) ಆಗುವುದೇ ಇಲ್ಲ. ಇಎಕ್ಸ್‌ಟಿ4 ಆಗಿದ್ದರೆ ಅನ್‌ಮೌಂಟ್ ಮಾಡಿ ಕುಗ್ಗಿಸಬಹುದಿತ್ತು. ಅಲ್ಲಿಯೂ ಕ್ರಮ ಮುಖ್ಯ. ಮೊದಲು ಫೈಲ್ ಸಿಸ್ಟಮ್, ಆಮೇಲೆ ಅದರ ಕೆಳಗಿನ ವಾಲ್ಯೂಮ್ (ಡಿಸ್ಕ್ ಜಾಗ ಹಂಚುವ ಎಲ್‌ವಿಎಂ ವ್ಯವಸ್ಥೆ ಕೊಟ್ಟ ಪಾಲು). ಹಾಸಿಗೆಯನ್ನು ಕಿರಿದು ಮಾಡುವ ಮೊದಲು ಕಾಲು ಮಡಿಸಿಕೊಳ್ಳಬೇಕು.

ಆದರೆ ಅದಕ್ಕೂ ಮೊದಲು ರೂಟ್ ತುಂಬಿದ್ದು ಯಾಕೆ ಎಂದು ನೋಡಿ. ಅರ್ಧಕ್ಕರ್ಧ ಸಲ ಡಿಸ್ಕ್ ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ‘ಡಿಯು -ಎಕ್ಸ್ -ಎಚ್ --ಮ್ಯಾಕ್ಸ್-ಡೆಪ್ತ್=1 /’ ಕೊಡಿ. ‘-ಎಕ್ಸ್’ ಇದ್ದರೆ ಲೆಕ್ಕ ರೂಟ್ ಬಿಟ್ಟು /ಹೋಮ್‌ಗೆ ದಾಟುವುದಿಲ್ಲ. /ವಾರ್/ಲಾಗ್/ಜರ್ನಲ್ ದೊಡ್ಡದಿದ್ದರೆ ‘ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=500ಎಂ’ (ಎಂ ದೊಡ್ಡಕ್ಷರ) ಸಾಕು. ಡಿಯು ಹೇಳುವ ಮೊತ್ತ ಡಿಎಫ್ (ಫೈಲ್ ಸಿಸ್ಟಮ್‌ನ ಒಟ್ಟು ಬಳಕೆ ತೋರಿಸುವ ಕಮಾಂಡ್) ಹೇಳುವುದಕ್ಕಿಂತ ತುಂಬ ಕಡಿಮೆ ಇದ್ದರೆ ಕಾರಣ ಎರಡರಲ್ಲಿ ಒಂದು. ಅಳಿಸಿದ ಕಡತವನ್ನು ಯಾವುದೋ ಸರ್ವಿಸ್ ಇನ್ನೂ ತೆರೆದು ಹಿಡಿದುಕೊಂಡಿರಬಹುದು. ‘ಎಲ್‌ಎಸ್‌ಒಎಫ್ +ಎಲ್1’ (ಎಲ್ ದೊಡ್ಡಕ್ಷರ) ಅದನ್ನು ತೋರಿಸುತ್ತದೆ, ಆ ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಜಾಗ ವಾಪಸ್. ಇಲ್ಲವೇ, ಯಾವುದೋ ಡಿಸ್ಕ್ ಮೌಂಟ್ ಆಗದಿದ್ದ ದಿನ ಬರೆದ ಕಡತಗಳು ಈಗ ಮೌಂಟ್‌ನ ಅಡಿಯಲ್ಲಿ ಮುಚ್ಚಿಹೋಗಿರಬಹುದು. ‘ಮೌಂಟ್ --ಬೈಂಡ್ / /ಎಂಎನ್‌ಟಿ’ ಕೊಟ್ಟು /ಎಂಎನ್‌ಟಿ ಒಳಗೆ ಡಿಯು ಓಡಿಸಿದರೆ ಅವು ಕಣ್ಣಿಗೆ ಬೀಳುತ್ತವೆ. ನೋಡಿಯಾದ ಮೇಲೆ ಅದನ್ನು ಅನ್‌ಮೌಂಟ್ ಮಾಡಿ.

ಜಾಗ ನಿಜವಾಗಿಯೂ ಸಾಲದು ಎಂದಾದರೆ, ಎರಡನೇ ಡಿಸ್ಕ್ ಹಾಕಲು ಜಾಗ ಮತ್ತು ಹಣ ಇದ್ದರೆ ಅದೇ ಒಳ್ಳೆಯದು. ಇದ್ದದ್ದನ್ನು ಅಳಿಸುವ ಪ್ರಸಂಗವೇ ಬರುವುದಿಲ್ಲ. ಇಲ್ಲವಾದರೆ /ಹೋಮ್ ಅನ್ನು ಪೂರ್ತಿ ಹೊರಗೆ ನಕಲು ಮಾಡಿ, ತೆಗೆದು, ಚಿಕ್ಕದಾಗಿ ಮತ್ತೆ ಕಟ್ಟಬೇಕು.

ನಕಲಿಗೆ ಯುಎಸ್‌ಬಿ ಡಿಸ್ಕ್ ಬಳಸುವುದಾದರೆ ಅದನ್ನು ಎಕ್ಸ್‌ಎಫ್‌ಎಸ್ ಅಥವಾ ಇಎಕ್ಸ್‌ಟಿ4 ಆಗಿ ಫಾರ್ಮ್ಯಾಟ್ ಮಾಡಿ. ಅಂಗಡಿಯಿಂದ ತಂದ ಡಿಸ್ಕ್ ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ನಲ್ಲಿ ಇರುತ್ತದೆ. ಅದಕ್ಕೆ ಹಾಗೆಯೇ ನಕಲು ಮಾಡಿದರೆ ಯಾವ ಕಡತ ಯಾರದು, ಯಾರಿಗೆ ಯಾವ ಅನುಮತಿ ಎಂಬ ವಿವರ ಅಳಿಸಿಹೋಗುತ್ತದೆ. ವಾಪಸ್ ತಂದಾಗ ಎಲ್ಲವೂ ರೂಟ್ ಎಂಬ ನಿರ್ವಾಹಕ ಖಾತೆಯ ಹೆಸರಿನಲ್ಲಿರುತ್ತದೆ.

/ಹೋಮ್ ಅನ್‌ಮೌಂಟ್ ಆಗಬೇಕಾದ್ದರಿಂದ ಸರ್ವರ್‌ನ ಮುಂದೆಯೇ ಕುಳಿತು, ನೇರವಾಗಿ ರೂಟ್ ಆಗಿ ಲಾಗಿನ್ ಆಗಿ. ನಿಮ್ಮ ಹೆಸರಿನಲ್ಲಿ ಒಳಬಂದು ಸುಡೊ ಮಾಡಿದರೆ ನಿಮ್ಮ ಶೆಲ್ಲೇ /ಹೋಮ್ ಹಿಡಿದುಕೊಂಡು ಕೂರುತ್ತದೆ. ಬೇರೆ ಯಾರು ಹಿಡಿದಿದ್ದಾರೆ ಎಂಬುದನ್ನು ‘ಫ್ಯೂಸರ್ -ವಿಎಂ /ಹೋಮ್’ ಹೇಳುತ್ತದೆ. ಎಲ್ಲರನ್ನೂ ಹೊರಗೆ ಕಳಿಸಿದ ಮೇಲೆ ನಕಲು: ‘ಆರ್‌ಸಿಂಕ್ -ಎಎಚ್‌ಎಎಕ್ಸ್ --ನ್ಯೂಮರಿಕ್-ಐಡಿಎಸ್ /ಹೋಮ್/ /ಎಂಎನ್‌ಟಿ/ಯುಎಸ್‌ಬಿ/ಹೋಮ್/’. ಇಲ್ಲಿ ಮೊದಲ ಎ ಸಣ್ಣಕ್ಷರ, ಎಚ್ ಮತ್ತು ಆಮೇಲಿನ ಎ, ಎಕ್ಸ್ ದೊಡ್ಡಕ್ಷರ. ಎರಡೂ ದಾರಿಗಳ ಕೊನೆಯ ಓರೆಗೆರೆ ಬಿಡಬೇಡಿ. 120 ಜಿಬಿ ದೊಡ್ಡ ಕಡತಗಳಾದರೆ ಸೆಕೆಂಡಿಗೆ 100 ಎಂಬಿಯಂತೆ 20 ನಿಮಿಷದಲ್ಲಿ ಮುಗಿಯುತ್ತದೆ. ಲಕ್ಷಾಂತರ ಸಣ್ಣ ಕಡತಗಳಾದರೆ ಅದರ ಹಲವು ಪಟ್ಟು ಹೊತ್ತು ಇಟ್ಟುಕೊಳ್ಳಿ.

ನಂತರ ಅದೇ ಕಮಾಂಡ್‌ಗೆ ‘-ಎನ್ -ಸಿ -ಐ’ ಸೇರಿಸಿ ಮತ್ತೆ ಓಡಿಸಿ. ಇದು ಏನನ್ನೂ ಬರೆಯದೆ, ಪ್ರತಿ ಕಡತವನ್ನೂ ಎರಡೂ ಕಡೆ ಓದಿ ಹೋಲಿಸಿ, ವ್ಯತ್ಯಾಸ ಇದ್ದದ್ದನ್ನಷ್ಟೇ ತೋರಿಸುತ್ತದೆ. ಪರದೆ ಖಾಲಿ ಇದ್ದರೆ ಎರಡೂ ಒಂದೇ. ಈ ಹೆಜ್ಜೆಗೆ ತಗಲುವ ಹೊತ್ತನ್ನು ದಯವಿಟ್ಟು ಉಳಿಸಲು ಹೋಗಬೇಡಿ. ಮುಂದಿನ ಕಮಾಂಡ್ ಒತ್ತಿದ ಮೇಲೆ ನಿಮ್ಮ ವಿದ್ಯಾರ್ಥಿಗಳ ಕಡತಗಳು ಇರುವುದು ಈ ಒಂದು ನಕಲಿನಲ್ಲಿ ಮಾತ್ರ. ಎರಡನೇ ನಕಲು ಮಾಡಲು ಸಾಧ್ಯವಿದ್ದರೆ ಈಗಲೇ ಮಾಡಿ, ಯುಎಸ್‌ಬಿ ಡಿಸ್ಕ್ ಬಿಚ್ಚಿ ಬದಿಗಿಡಿ.

ಇನ್ನು ಕೆಲಸ. ‘ಯುಮೌಂಟ್ /ಹೋಮ್’. ‘ಎಲ್‌ವಿಎಸ್’ ಕೊಟ್ಟು ಹೆಸರನ್ನು ಕಣ್ಣಾರೆ ನೋಡಿ, ‘ಎಲ್‌ವಿರಿಮೂವ್ ಅಲ್ಮಾಲಿನಕ್ಸ್/ಹೋಮ್’. ನಂತರ ‘ಎಲ್‌ವಿಕ್ರಿಯೇಟ್ -ಎಲ್ 300ಜಿ -ಎನ್ ಹೋಮ್ ಅಲ್ಮಾಲಿನಕ್ಸ್’ (ಎಲ್, ಜಿ ದೊಡ್ಡಕ್ಷರ), ಅದರ ಮೇಲೆ ‘ಎಂಕೆಎಫ್‌ಎಸ್.ಎಕ್ಸ್‌ಎಫ್‌ಎಸ್’. ತಪ್ಪು ವಾಲ್ಯೂಮ್ ತೆಗೆದೆ ಎಂದು ಎಲ್‌ವಿರಿಮೂವ್ ಆದ ಕೂಡಲೇ ಗೊತ್ತಾದರೆ ಅಲ್ಲಿಯೇ ಕೈ ನಿಲ್ಲಿಸಿ. ಹಳೆಯ ನಕ್ಷೆಗಳು /ಇಟಿಸಿ/ಎಲ್‌ವಿಎಂ/ಆರ್ಕೈವ್‌ನಲ್ಲಿ ಇರುತ್ತವೆ, ‘ವಿಜಿಸಿಎಫ್‌ಜಿರಿಸ್ಟೋರ್’ ಅದನ್ನು ಮರಳಿಸಬಲ್ಲದು. ಎಂಕೆಎಫ್‌ಎಸ್ ಓಡಿದ ಮೇಲೆ, ಅದರಲ್ಲೂ ಎಸ್‌ಎಸ್‌ಡಿ ಆಗಿದ್ದರೆ, ಆ ಆಸೆ ಇಲ್ಲ. ಫಾರ್ಮ್ಯಾಟ್ ಶುರುವಾಗುವಾಗಲೇ ಹಳೆಯ ಬ್ಲಾಕ್‌ಗಳನ್ನು ಬಿಟ್ಟುಬಿಡುವಂತೆ ಅದು ಡಿಸ್ಕ್‌ಗೆ ಹೇಳುತ್ತದೆ.

ರೂಟ್ ಹಿಗ್ಗಿಸುವುದು ಒಂದೇ ಸಾಲು: ‘ಎಲ್‌ವಿಎಕ್ಸ್‌ಟೆಂಡ್ -ಆರ್ -ಎಲ್ +150ಜಿ ಅಲ್ಮಾಲಿನಕ್ಸ್/ರೂಟ್’ (ಎಲ್, ಜಿ ದೊಡ್ಡಕ್ಷರ). ‘-ಆರ್’ ಇದ್ದರೆ ವಾಲ್ಯೂಮ್ ಜೊತೆಗೆ ಫೈಲ್ ಸಿಸ್ಟಮ್ ಕೂಡ ಹಿಗ್ಗುತ್ತದೆ. ಸರ್ವರ್ ನಿಲ್ಲಿಸಬೇಕಿಲ್ಲ. ಕೂಡುಚಿಹ್ನೆ ಮರೆಯಬೇಡಿ. ‘+150ಜಿ’ ಎಂದರೆ ಈಗಿರುವ 70ಕ್ಕೆ 150 ಸೇರಿ 220. ಬರೀ ‘150ಜಿ’ ಎಂದರೆ ಒಟ್ಟು 150. ಹಿಗ್ಗಿಸುವಾಗ ಈ ತಪ್ಪಿನಿಂದ ಹಾನಿ ಇಲ್ಲ. ಕುಗ್ಗಿಸುವಾಗ ‘-20ಜಿ’ ಬದಲು ‘20ಜಿ’ ಬರೆದರೆ 20 ಕಳೆಯುವ ಬದಲು 20 ಮಾತ್ರ ಉಳಿಯುತ್ತದೆ.

ಲೆಕ್ಕ ಹಾಕಿದರೆ ಸುಮಾರು 400 ಜಿಬಿ ಯಾರಿಗೂ ಕೊಡದೆ ಉಳಿದಿರುತ್ತದೆ. ಅದು ಹಾಗೆಯೇ ಇರಲಿ. ಎಕ್ಸ್‌ಎಫ್‌ಎಸ್‌ಗೆ ಒಮ್ಮೆ ಕೊಟ್ಟದ್ದು ವಾಪಸ್ ಬಾರದು, ಕೊಡದೆ ಇಟ್ಟದ್ದನ್ನು ಯಾವಾಗ ಬೇಕಾದರೂ ಅರ್ಧ ನಿಮಿಷದಲ್ಲಿ ಕೊಡಬಹುದು.

ಕೊನೆಗೆ /ಇಟಿಸಿ/ಎಫ್‌ಎಸ್‌ಟ್ಯಾಬ್ (ಯಾವುದು ಎಲ್ಲಿ ಮೌಂಟ್ ಆಗಬೇಕೆಂಬ ಪಟ್ಟಿ) ನೋಡಿ. ಅಲ್ಲಿ /ಡೆವ್/ಮ್ಯಾಪರ್/ಅಲ್ಮಾಲಿನಕ್ಸ್-ಹೋಮ್ ಎಂದಿದ್ದರೆ ಬದಲಾವಣೆ ಬೇಡ. ಯುಯುಐಡಿ (ಫೈಲ್ ಸಿಸ್ಟಮ್‌ನ ಗುರುತಿನ ಸಂಖ್ಯೆ) ಇದ್ದರೆ ಹೊಸ ಫೈಲ್ ಸಿಸ್ಟಮ್‌ನ ಯುಯುಐಡಿ ಹಾಕಿ. ‘ಮೌಂಟ್ /ಹೋಮ್’, ಅದೇ ಆರ್‌ಸಿಂಕ್ ದಾರಿಗಳನ್ನು ತಿರುಗಿಸಿ ಕೊಡಿ, ‘ರಿಸ್ಟೋರ್‌ಕಾನ್ -ಆರ್ /ಹೋಮ್’ (ಆರ್ ದೊಡ್ಡಕ್ಷರ) ಮಾಡಿ. ಈ ಕೊನೆಯದನ್ನು ಬಿಟ್ಟರೆ ಕೆಲವೊಮ್ಮೆ ಅನುಮತಿಗಳೆಲ್ಲ ಸರಿಯಾಗಿ ಕಂಡರೂ ಎಸ್‌ಇಲಿನಕ್ಸ್ ಎಂಬ ಭದ್ರತಾ ಕಾವಲು ಬಾಗಿಲು ಹಾಕಿ, ಎಸ್‌ಎಸ್‌ಎಚ್ ಕೀಲಿಯಿಂದ ಲಾಗಿನ್ ಆಗುವುದಿಲ್ಲ.

ಪ್ರಶ್ನೆ: ಉಬುಂಟು ಸರ್ವರ್ ವರ್ಚುವಲ್ ಮಷೀನ್ ಒಂದಿದೆ. ಅದರ ಡಿಸ್ಕ್ 100 ಜಿಬಿ ಇದ್ದದ್ದನ್ನು 200 ಮಾಡಿದೆ. ಆದರೂ ಡಿಎಫ್ 48 ಜಿಬಿಯನ್ನೇ ತೋರಿಸುತ್ತಿದೆ. ಮೊದಲಿನ 100 ಕೂಡ ಯಾಕೆ ಪೂರ್ತಿ ಸಿಕ್ಕಿಲ್ಲ?
— ಸಹಕಾರ ಸಂಘದ ಲೆಕ್ಕ ವಿಭಾಗ, ಶಿರಸಿ

ಉತ್ತರ: ಉಬುಂಟು ಸರ್ವರ್ ಇನ್‌ಸ್ಟಾಲರ್ ಎಲ್‌ವಿಎಂ ಆಯ್ಕೆಯಲ್ಲಿ ನಡುಗಾತ್ರದ ಡಿಸ್ಕ್‌ನ ಅರ್ಧ ಜಾಗವನ್ನಷ್ಟೇ ರೂಟ್‌ಗೆ ಕೊಟ್ಟು ಉಳಿದದ್ದನ್ನು ಬೇಕೆಂದೇ ಖಾಲಿ ಬಿಡುತ್ತದೆ. ‘ವಿಜಿಎಸ್’ ಕೊಟ್ಟು ನೋಡಿ, ಕೊನೆಯ ಅಂಕಣದಲ್ಲಿ ಆ ಜಾಗ ಕಾಣುತ್ತದೆ. ನಿಮ್ಮ ಇಂದಿನ ತುರ್ತಿಗೆ ಅದೇ ಸಾಕಾಗಬಹುದು.

ಹೊಸ 100 ಜಿಬಿ ಬೇಕೆಂದರೆ ಅದು ಐದು ಮೆಟ್ಟಿಲು ಹತ್ತಬೇಕು: ಡಿಸ್ಕ್, ಪಾರ್ಟಿಷನ್, ಎಲ್‌ವಿಎಂನ ಫಿಸಿಕಲ್ ವಾಲ್ಯೂಮ್, ಲಾಜಿಕಲ್ ವಾಲ್ಯೂಮ್, ಫೈಲ್ ಸಿಸ್ಟಮ್. ನೀವು ದೊಡ್ಡದು ಮಾಡಿದ್ದು ಕೆಳಗಿನ ಮೆಟ್ಟಿಲು ಮಾತ್ರ. ‘ಎಲ್‌ಎಸ್‌ಬಿಎಲ್‌ಕೆ’ ಇಡೀ ಏಣಿಯನ್ನು ಒಂದೇ ಚಿತ್ರದಲ್ಲಿ ತೋರಿಸುತ್ತದೆ. ಎಸ್‌ಡಿಎ (ಡಿಸ್ಕ್‌ನ ಹೆಸರು) ಇನ್ನೂ 100 ಜಿಬಿ ಎಂದೇ ಕಂಡರೆ ಕರ್ನಲ್‌ಗೆ ಸುದ್ದಿ ಮುಟ್ಟಿಲ್ಲ. ರೂಟ್ ಶೆಲ್‌ನಲ್ಲಿ ‘ಎಕೋ 1 > /ಸಿಸ್/ಕ್ಲಾಸ್/ಬ್ಲಾಕ್/ಎಸ್‌ಡಿಎ/ಡಿವೈಸ್/ರೀಸ್ಕ್ಯಾನ್’ ಕೊಡಿ.

ಆಮೇಲೆ ‘ಗ್ರೋಪಾರ್ಟ್ /ಡೆವ್/ಎಸ್‌ಡಿಎ 3’. ಎಸ್‌ಡಿಎ ಮತ್ತು 3ರ ನಡುವೆ ಜಾಗ ಇರಬೇಕು. 3 ಎಂಬುದು ಎಲ್‌ವಿಎಂ ಕೂತಿರುವ ಪಾರ್ಟಿಷನ್‌ನ ಸಂಖ್ಯೆ, ನಿಮ್ಮಲ್ಲಿ ಬೇರೆ ಇದ್ದರೆ ಅದನ್ನು ಹಾಕಿ. ಆ ಪಾರ್ಟಿಷನ್ ಡಿಸ್ಕ್‌ನಲ್ಲಿ ಕೊನೆಯದಾಗಿದ್ದರೆ ಮಾತ್ರ ಇದು ನಡೆಯುತ್ತದೆ. ನಂತರ ‘ಪಿವಿರೀಸೈಜ್ /ಡೆವ್/ಎಸ್‌ಡಿಎ3’, ಆಮೇಲೆ ‘ಎಲ್‌ವಿಎಕ್ಸ್‌ಟೆಂಡ್ -ಆರ್ -ಎಲ್ +60ಜಿ ಉಬುಂಟು-ವಿಜಿ/ಉಬುಂಟು-ಎಲ್‌ವಿ’ (ಇಲ್ಲಿಯೂ ‘-ಎಲ್’, ಜಿ ದೊಡ್ಡಕ್ಷರ). ಅಂತರ್ಜಾಲದಲ್ಲಿ ಎಲ್ಲರೂ ಬರೆಯುವುದು ‘+100%ಫ್ರೀ’ ಎಂದು. ಇದ್ದದ್ದೆಲ್ಲ ಒಂದೇ ಏಟಿಗೆ ಕೊಡುವುದು ನಮಗೆ ಒಪ್ಪಿಗೆಯಿಲ್ಲ. ಶೇಕಡಾ 10ರಿಂದ 20ರಷ್ಟು ಖಾಲಿ ಇದ್ದರೆ ಮುಂದೆ ಎಲ್‌ವಿಎಂ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ಪ್ರತಿ) ತೆಗೆಯಬಹುದು. ಸ್ನ್ಯಾಪ್‌ಶಾಟ್‌ಗೆ ಕೊಟ್ಟ ಜಾಗ ತುಂಬಿಹೋದರೆ ಆ ಸ್ನ್ಯಾಪ್‌ಶಾಟ್ ನಿಷ್ಪ್ರಯೋಜಕವಾಗುತ್ತದೆ ಎಂಬುದು ನೆನಪಿರಲಿ.

ಪಾರ್ಟಿಷನ್ ಪಟ್ಟಿ ಮುಟ್ಟುವ ಮೊದಲು ‘ಎಸ್‌ಎಫ್‌ಡಿಸ್ಕ್ -ಡಿ /ಡೆವ್/ಎಸ್‌ಡಿಎ’ ಕೊಟ್ಟು ಬಂದದ್ದನ್ನು ಬೇರೆ ಯಂತ್ರದಲ್ಲಿ ಉಳಿಸಿಡಿ. ನಾಲ್ಕಾರು ಸಾಲಿನ ಆ ಕಡತದಿಂದ ಕೆಟ್ಟ ಪಟ್ಟಿಯನ್ನು ಮೊದಲಿನಂತೆ ಬರೆಯಬಹುದು. ಅದನ್ನು ಅದೇ ಡಿಸ್ಕ್‌ನಲ್ಲಿ ಇಟ್ಟರೆ ಬೇಕಾದ ದಿನ ಕೈಗೆ ಸಿಗದು.

ಪ್ರಶ್ನೆ: ಎರಡು 2 ಟಿಬಿ ಡಿಸ್ಕ್‌ಗಳ ರೈಡ್ 1 (ಎರಡರಲ್ಲೂ ಅದೇ ಕಡತಗಳು) ಇದೆ, ಲಿನಕ್ಸ್‌ನದೇ ಸಾಫ್ಟ್‌ವೇರ್ ರೈಡ್. ಒಂದು ಡಿಸ್ಕ್ ದೋಷ ತೋರಿಸುತ್ತಿದೆ. ಈ ನೆಪದಲ್ಲಿ ಎರಡನ್ನೂ 4 ಟಿಬಿಗೆ ಬದಲಿಸೋಣವೆಂದಿದ್ದೇವೆ. ಪುಟವಿನ್ಯಾಸದ ಹಳೆಯ ಕಡತಗಳೆಲ್ಲ ಇದರಲ್ಲೇ ಇವೆ. ರೈಡ್ ಇರುವುದರಿಂದ ಬೇರೆ ಬ್ಯಾಕಪ್ ಇಟ್ಟಿಲ್ಲ.
— ಮುದ್ರಣಾಲಯದ ಓದುಗರು, ಗದಗ

ಉತ್ತರ: ಹಾಗಾದರೆ 4 ಟಿಬಿ ಡಿಸ್ಕ್ ಎರಡಲ್ಲ, ಮೂರು ತನ್ನಿ. ಮೊದಲನೆಯದಕ್ಕೆ ಇವತ್ತೇ ಎಲ್ಲವನ್ನೂ ನಕಲು ಮಾಡಿ. ರೈಡ್ ಕಾಪಾಡುವುದು ಒಂದು ಡಿಸ್ಕ್ ಸಾಯುವುದರಿಂದ ಮಾತ್ರ. ತಪ್ಪಿ ಅಳಿಸಿದ್ದು, ವೈರಸ್ ಗೂಢಲಿಪಿ ಮಾಡಿದ್ದು, ಎರಡೂ ಡಿಸ್ಕ್‌ಗಳಲ್ಲಿ ಅದೇ ಕ್ಷಣ ಅಳಿಯುತ್ತದೆ. ಈಗ ನಿಮ್ಮ ಕಡತಗಳು ನಿಂತಿರುವುದು ಒಂದೇ ಆರೋಗ್ಯವಂತ ಡಿಸ್ಕ್‌ನ ಮೇಲೆ. ಅದನ್ನೇ ಗಂಟೆಗಟ್ಟಲೆ ಬಿಡದೆ ಓದಿಸಲು ಹೊರಟಿದ್ದೀರಿ.

ಅದು ನಿಜವಾಗಿಯೂ ಆರೋಗ್ಯವಾಗಿದೆಯೇ? ‘ಸ್ಮಾರ್ಟ್‌ಸಿಟಿಎಲ್ -ಎ’ ಕೊಟ್ಟು ಎರಡೂ ಡಿಸ್ಕ್‌ಗಳ 5, 197, 198 ಎಂಬ ಸಂಖ್ಯೆಯಿಂದ ಶುರುವಾಗುವ ಸಾಲುಗಳನ್ನು ನೋಡಿ. ಬದಲಾಯಿಸಲಾದ ಸೆಕ್ಟರ್, ಓದಲಾಗದೆ ಕಾದಿರುವ ಸೆಕ್ಟರ್, ಸರಿಪಡಿಸಲಾಗದ ಸೆಕ್ಟರ್‌ಗಳ ಲೆಕ್ಕ ಅಲ್ಲಿದೆ. ಕೊನೆಯ ಅಂಕಣದಲ್ಲಿ ಸೊನ್ನೆ ಇರಬೇಕು. 199 ಮಾತ್ರ ಏರುತ್ತಿದ್ದರೆ ಡಿಸ್ಕ್‌ಗಿಂತ ಮೊದಲು ಸಾಟಾ ಕೇಬಲ್ ಬದಲಿಸಿ ನೋಡಿ.

ಯಾವ ಡಿಸ್ಕ್ ಬಿಚ್ಚಬೇಕು ಎಂಬಲ್ಲೇ ಹೆಚ್ಚಿನ ಅನಾಹುತ. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ರೀಬೂಟ್ ಆದಾಗ ಅದಲುಬದಲಾಗಬಹುದು. ‘ಎಲ್‌ಎಸ್‌ಬಿಎಲ್‌ಕೆ -ಒ ನೇಮ್,ಸೈಜ್,ಮಾಡೆಲ್,ಸೀರಿಯಲ್’ ಕೊಟ್ಟು ಸೀರಿಯಲ್ ಸಂಖ್ಯೆ ಕಾಗದದಲ್ಲಿ ಬರೆದುಕೊಂಡು, ಡಿಸ್ಕ್ ಮೇಲಿನ ಚೀಟಿಯೊಂದಿಗೆ ಹೋಲಿಸಿ. ಚೆನ್ನಾಗಿರುವುದನ್ನೇ ಕಿತ್ತರೆ ಉಳಿಯುವುದು ಕೆಟ್ಟದ್ದು.

ಮದರ್‌ಬೋರ್ಡ್‌ನಲ್ಲಿ ಮೂರನೇ ಸಾಟಾ ಪೋರ್ಟ್ ಇದ್ದರೆ ಕೆಟ್ಟ ಡಿಸ್ಕ್ ಈಗಲೇ ತೆಗೆಯಬೇಡಿ. ಹೊಸದನ್ನು ಜೋಡಿಸಿ ಪಾರ್ಟಿಷನ್ ಮಾಡಿ. ಪಾರ್ಟಿಷನ್ ಪಟ್ಟಿ ಜಿಪಿಟಿ ಆಗಿರಲಿ, ಏಕೆಂದರೆ ಹಳೆಯ ಎಂಬಿಆರ್ ಪದ್ಧತಿ 512 ಬೈಟ್ ಸೆಕ್ಟರ್‌ನಲ್ಲಿ ಸುಮಾರು 2.2 ಟಿಬಿಯ ಆಚೆ ಎಣಿಸಲಾರದು. ಯಂತ್ರ ಹಳೆಯ ಬಯೋಸ್‌ನಿಂದ ಬೂಟ್ ಆಗುವುದಾದರೆ ಬೂಟ್‌ಲೋಡರ್ ಆದ ಗ್ರಬ್‌ಗಾಗಿ 1 ಎಂಬಿಯ ಬಯೋಸ್ ಬೂಟ್ ಪಾರ್ಟಿಷನ್ ಬಿಡಿ. ಆಮೇಲೆ ‘ಎಂಡಿಎಡಿಎಂ /ಡೆವ್/ಎಂಡಿ0 --ಆಡ್ /ಡೆವ್/ಎಸ್‌ಡಿಸಿ2’, ನಂತರ ‘ಎಂಡಿಎಡಿಎಂ /ಡೆವ್/ಎಂಡಿ0 --ರಿಪ್ಲೇಸ್ /ಡೆವ್/ಎಸ್‌ಡಿಬಿ2 --ವಿತ್ /ಡೆವ್/ಎಸ್‌ಡಿಸಿ2’ (ಇಲ್ಲಿ ಎಂಡಿ0 ರೈಡ್‌ನ ಹೆಸರು, ಎಸ್‌ಡಿಬಿ ಕೆಟ್ಟ ಡಿಸ್ಕ್, ಎಸ್‌ಡಿಸಿ ಹೊಸದು). ಈ ಕ್ರಮದಲ್ಲಿ ನಕಲು ಮುಗಿಯುವವರೆಗೂ ಹಳೆಯದು ಕೆಲಸದಲ್ಲೇ ಇರುತ್ತದೆ, ಅದರಲ್ಲಿ ಓದಲಾಗದ ತುಣುಕು ಎದುರಾದರೆ ಜೊತೆಯ ಡಿಸ್ಕ್‌ನಿಂದ ಓದುತ್ತದೆ. ಮೊದಲೇ ‘--ಫೇಲ್’ ಮಾಡಿ ತೆಗೆದುಬಿಟ್ಟರೆ ಆ ರಕ್ಷಣೆ ಇಲ್ಲ. ಪೋರ್ಟ್ ಇಲ್ಲದವರಿಗೆ ಮಾತ್ರ ಆ ದಾರಿ.

ಸೆಕೆಂಡಿಗೆ 150 ಎಂಬಿಯಂತೆ 2 ಟಿಬಿ ನಕಲಿಗೆ ನಾಲ್ಕು ಗಂಟೆಯ ಹತ್ತಿರ ಬೇಕು. ಜೊತೆಗೆ ಕೆಲಸವೂ ನಡೆಯುತ್ತಿದ್ದರೆ ಇನ್ನೂ ಹೆಚ್ಚು. ‘ಕ್ಯಾಟ್ /ಪ್ರೊಕ್/ಎಂಡಿಸ್ಟ್ಯಾಟ್’ ಎಷ್ಟಾಯಿತೆಂದು ಹೇಳುತ್ತದೆ. ಯುಪಿಎಸ್ ಬ್ಯಾಟರಿ ಹತ್ತು ನಿಮಿಷವೂ ಎಳೆಯದಿದ್ದರೆ ಅದನ್ನು ಬದಲಿಸಿದ ಮೇಲೆಯೇ ಶುರು ಮಾಡಿ.

ಇದು ಮುಗಿದ ಮೇಲೆ ಎರಡನೇ ಡಿಸ್ಕ್‌ಗೂ ಇದೇ ಕ್ರಮ. ಎರಡೂ ದೊಡ್ಡವಾದ ಮೇಲೆ ‘ಎಂಡಿಎಡಿಎಂ --ಗ್ರೋ /ಡೆವ್/ಎಂಡಿ0 --ಸೈಜ್=ಮ್ಯಾಕ್ಸ್’. ಬಿಟ್‌ಮ್ಯಾಪ್ (ಬದಲಾದ ಭಾಗಗಳ ಗುರುತುಪಟ್ಟಿ) ಇದೆಯೆಂದು ಒಪ್ಪದಿದ್ದರೆ ‘--ಗ್ರೋ --ಬಿಟ್‌ಮ್ಯಾಪ್=ನನ್’ ಮಾಡಿ, ಹಿಗ್ಗಿಸಿ, ಮತ್ತೆ ‘=ಇಂಟರ್ನಲ್’ ಮಾಡಿ. ಆಮೇಲೆ ಮೇಲಿನ ಮೆಟ್ಟಿಲುಗಳು ಶಿರಸಿಯ ಓದುಗರಿಗೆ ಹೇಳಿದಂತೆಯೇ.

ಬೂಟ್‌ಲೋಡರ್ ಮರೆತವರು ಬಹಳ. ರೈಡ್ ಒಳಗಿನದು ತಾನಾಗಿ ನಕಲಾಗುತ್ತದೆ, ಹೊರಗಿರುವ ಗ್ರಬ್ ಮತ್ತು ಇಎಫ್‌ಐ ಪಾರ್ಟಿಷನ್ ಆಗುವುದಿಲ್ಲ. ಬಯೋಸ್ ಯಂತ್ರದಲ್ಲಿ ಎರಡೂ ಡಿಸ್ಕ್‌ಗೆ ‘ಗ್ರಬ್-ಇನ್‌ಸ್ಟಾಲ್’ ಮಾಡಿ (ರೆಡ್‌ಹ್ಯಾಟ್ ಬಳಗದಲ್ಲಿ ‘ಗ್ರಬ್2-ಇನ್‌ಸ್ಟಾಲ್’). ಯುಇಎಫ್‌ಐ ಯಂತ್ರದಲ್ಲಿ ಇಎಫ್‌ಐ ಪಾರ್ಟಿಷನ್‌ನ ಕಡತಗಳನ್ನು ಎರಡನೆಯದಕ್ಕೂ ನಕಲಿಸಿ, ‘ಇಎಫ್‌ಐಬೂಟ್‌ಎಂಜಿಆರ್’ನಿಂದ ಅದರ ನಮೂದು ಸೇರಿಸಿ. ಹಳೆಯ ಡಿಸ್ಕ್‌ಗಳನ್ನು ಬಿಚ್ಚುವ ಮೊದಲು ಇದು ಆಗಿರಬೇಕು. ಬೂಟ್ ಮೆನುವಿನಿಂದ ಒಮ್ಮೆ ಒಂದೊಂದು ಹೊಸ ಡಿಸ್ಕ್ ಆರಿಸಿ ಯಂತ್ರ ಮೇಲೇಳುತ್ತದೆಯೇ ಎಂದು ನೋಡಿ.

ಪ್ರಶ್ನೆ: ಮೈಎಸ್‌ಕ್ಯೂಎಲ್ ಡೇಟಾವನ್ನು ಹೊಸ ಡಿಸ್ಕ್‌ಗೆ ಸ್ಥಳಾಂತರಿಸಬೇಕು. ಡೇಟಾಡಿರ್ (ಡೇಟಾ ಇರುವ ಫೋಲ್ಡರ್) ದಾರಿ ಬದಲಿಸಿದಾಗ ಸರ್ವಿಸ್ ಶುರುವಾಗಲೇ ಇಲ್ಲ, ಹಳೆಯದಕ್ಕೆ ಮರಳಿದೆವು. ಉಬುಂಟು.
— ಆಸ್ಪತ್ರೆಯ ಕಂಪ್ಯೂಟರ್ ವಿಭಾಗ, ಮೈಸೂರು

ಉತ್ತರ: ತಡೆದಿರುವುದು ಆಪ್‌ಆರ್ಮರ್ (ಯಾವ ಪ್ರೋಗ್ರಾಂ ಯಾವ ಕಡತ ಮುಟ್ಟಬಹುದೆಂದು ಕಾಯುವ ಕಾವಲು) ಆಗಿರುವ ಸಾಧ್ಯತೆಯೇ ಹೆಚ್ಚು. ಅದರ ಪಟ್ಟಿಯಲ್ಲಿ /ವಾರ್/ಲಿಬ್/ಮೈಎಸ್‌ಕ್ಯೂಎಲ್ ಇದೆ, ನಿಮ್ಮ ಹೊಸ ದಾರಿ ಇಲ್ಲ. ದಾರಿ ಬದಲಿಸುವ ಗೋಜಿಗೇ ಹೋಗಬೇಡಿ, ಹೊಸ ಡಿಸ್ಕ್ ಅನ್ನೇ ಆ ಹಳೆಯ ದಾರಿಯಲ್ಲಿ ಮೌಂಟ್ ಮಾಡಿ.

ಮೊದಲು ‘ಮೈಎಸ್‌ಕ್ಯೂಎಲ್‌ಡಂಪ್’ ತೆಗೆದು ಬೇರೆ ಯಂತ್ರದಲ್ಲಿ ಒಮ್ಮೆ ತುಂಬಿಸಿ ನೋಡಿ. ಆಸ್ಪತ್ರೆಯ ದಾಖಲೆ ಎಂದ ಮೇಲೆ ತೆರೆದು ನೋಡದ ಬ್ಯಾಕಪ್ ಅನ್ನು ನಂಬಲಾಗದು. ನಂತರ ಸರ್ವಿಸ್ ನಿಲ್ಲಿಸಿ. ಓಡುತ್ತಿರುವ ಡೇಟಾಬೇಸ್‌ನ ಕಡತಗಳನ್ನು ನಕಲಿಸಿದರೆ ಅರ್ಧ ಹಳೆಯದು ಅರ್ಧ ಹೊಸದು ಬರುತ್ತದೆ. ಹೊಸ ಡಿಸ್ಕ್‌ನ್ನು ಎಕ್ಸ್‌ಎಫ್‌ಎಸ್ ಮಾಡಿದರೆ ‘ಲಾಸ್ಟ್+ಫೌಂಡ್’ ಎಂಬ ಫೋಲ್ಡರ್ ಅದರಲ್ಲಿ ಇರುವುದಿಲ್ಲ, ಡೇಟಾ ಫೋಲ್ಡರ್ ಶುಚಿಯಾಗಿರುತ್ತದೆ. ಅದನ್ನು /ಎಂಎನ್‌ಟಿಯಲ್ಲಿ ಮೌಂಟ್ ಮಾಡಿ, ಹಾಸನದವರಿಗೆ ಹೇಳಿದ ಆರ್‌ಸಿಂಕ್ ಬಳಸಿ. ಎರಡೂ ಓರೆಗೆರೆ ಇದ್ದರೆ ಒಡೆತನ, ಅನುಮತಿ ಮೇಲಿನ ಫೋಲ್ಡರ್‌ಗೂ ಸರಿಯಾಗಿ ಬರುತ್ತವೆ.

ಹಳೆಯ ಫೋಲ್ಡರ್ ಅಳಿಸಬೇಡಿ, ಮೈಎಸ್‌ಕ್ಯೂಎಲ್.ಹಳೆ ಎಂಬಂಥ ಹೆಸರಿಟ್ಟು ಒಂದು ವಾರ ಉಳಿಸಿ. ಅದರ ಜಾಗದಲ್ಲಿ ಖಾಲಿ ಫೋಲ್ಡರ್ ಮಾಡಿ, ಮೌಂಟ್ ಮಾಡುವ ಮುನ್ನ ‘ಸಿಎಚ್‌ಎಟಿಟಿಆರ್ +ಐ’ ಕೊಡಿ. ಎಂದಾದರೂ ಡಿಸ್ಕ್ ಮೌಂಟ್ ಆಗದೆ ಹೋದರೆ ಆ ಖಾಲಿ ಫೋಲ್ಡರ್‌ಗೆ ಯಾರೂ ಬರೆಯಲಾರರು. ಇಲ್ಲದಿದ್ದರೆ ಹೊಸ ನಮೂದುಗಳು ತಪ್ಪು ಡಿಸ್ಕ್‌ಗೆ ಬೀಳುವ ಅಪಾಯವಿದೆ. ಜೊತೆಗೆ ‘ಸಿಸ್ಟಮ್‌ಸಿಟಿಎಲ್ ಎಡಿಟ್ ಮೈಎಸ್‌ಕ್ಯೂಎಲ್’ ಕೊಟ್ಟು ಯೂನಿಟ್ ವಿಭಾಗದಲ್ಲಿ ‘ರಿಕ್ವೈರ್ಸ್‌ಮೌಂಟ್ಸ್‌ಫಾರ್=/ವಾರ್/ಲಿಬ್/ಮೈಎಸ್‌ಕ್ಯೂಎಲ್’ ಸೇರಿಸಿ; ರಿಕ್ವೈರ್ಸ್, ಮೌಂಟ್ಸ್, ಫಾರ್ ಮೂರರ ಮೊದಲಕ್ಷರ ದೊಡ್ಡದು.

ಪ್ರಶ್ನೆ: ಹೊಸ ಡಿಸ್ಕ್ ಸೇರಿಸಿ ಎಫ್‌ಎಸ್‌ಟ್ಯಾಬ್ ತಿದ್ದಿದ ಮೇಲೆ ಸರ್ವರ್ ರೀಬೂಟ್ ಆದರೆ ಎಮರ್ಜೆನ್ಸಿ ಮೋಡ್‌ನಲ್ಲಿ ನಿಲ್ಲುತ್ತದೆ. ಡಿಸ್ಕ್ ಹಾಳಾಯಿತೇ?
— ಒಬ್ಬ ಓದುಗರು, ಕಲಬುರಗಿ

ಉತ್ತರ: ಬಹುಪಾಲು ಅಲ್ಲ. ಎಫ್‌ಎಸ್‌ಟ್ಯಾಬ್‌ನಲ್ಲಿ ಹೇಳಿದ್ದು 90 ಸೆಕೆಂಡ್ ಕಾದರೂ ಸಿಗದಿದ್ದರೆ ಸಿಸ್ಟಮ್‌ಡಿ (ಬೂಟ್ ಆಗುವಾಗ ಎಲ್ಲವನ್ನೂ ಶುರು ಮಾಡುವ ಪ್ರೋಗ್ರಾಂ) ಹೀಗೆ ನಿಲ್ಲುತ್ತದೆ. ಯುಯುಐಡಿಯ ಒಂದಕ್ಷರ ತಪ್ಪಿದ್ದರೂ ಸಾಕು. ರೂಟ್ ಪಾಸ್‌ವರ್ಡ್ ಕೊಟ್ಟು ಒಳಹೋಗಿ, ‘ಮೌಂಟ್ -ಒ ರಿಮೌಂಟ್,ಆರ್‌ಡಬ್ಲ್ಯು /’ ಮಾಡಿ, ಆ ಸಾಲಿನ ಮುಂದೆ # ಹಾಕಿ ರೀಬೂಟ್ ಮಾಡಿ. ಉಬುಂಟುವಿನಲ್ಲಿ ರೂಟ್ ಖಾತೆಗೆ ಬೀಗ ಇರುವುದರಿಂದ ಒಳಗೆ ಬಿಡದಿದ್ದರೆ, ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ ಆ ಕಡತ ತಿದ್ದಿ.

ಸರಿಯಾದ ಯುಯುಐಡಿ ‘ಬಿಎಲ್‌ಕೆಐಡಿ’ ಕೊಡುತ್ತದೆ. ಸರ್ವರ್ ಏಳಲು ಅನಿವಾರ್ಯವಲ್ಲದ ಡಿಸ್ಕ್ ಆದರೆ ಆಯ್ಕೆಗಳ ಅಂಕಣದಲ್ಲಿ ‘ಡೀಫಾಲ್ಟ್ಸ್,ನೋಫೇಲ್’ ಬರೆಯಿರಿ. ಮುಂದಿನ ಸಲ ಎಫ್‌ಎಸ್‌ಟ್ಯಾಬ್ ತಿದ್ದಿದಾಗ ರೀಬೂಟ್‌ಗೆ ಮೊದಲು ‘ಫೈಂಡ್‌ಎಂಎನ್‌ಟಿ --ವೆರಿಫೈ’, ‘ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್’, ‘ಮೌಂಟ್ -ಎ’ ಈ ಮೂರನ್ನೂ ಕೊಡಿ. ದೂರದ ಸರ್ವರ್ ಆಗಿದ್ದರೆ, ಕನ್ಸೋಲ್ ಮುಂದೆ ಒಬ್ಬರು ಕುಳಿತಿರುವ ಹೊತ್ತಿನಲ್ಲಿಯೇ ರೀಬೂಟ್ ಇಟ್ಟುಕೊಳ್ಳಿ.